ಉಪ್ಪು ನೋಡುವವಳು

ಕೊಡ ಬಾವಿಯ ಕಲ್ಲಿಗೆ ಬಡಿದು ಅರ್ಧ ನೀರು ಚೆಲ್ಲಿತು. ಗಂಗೂ ಉಳಿದದ್ದನ್ನು ಹಂಡೆಗೆ ಸುರಿದು ಮತ್ತೆ ಹಗ್ಗ ಇಳಿಬಿಟ್ಟಳು. ಮಾದೇವಣ್ಣನನ್ನು ಸುಟ್ಟು ಹಾರವಾಡದ ಕಡಲದಂಡೆಯಿಂದ ಗಂಡಸರು ಹಿಂತಿರುಗುತ್ತಿದ್ದರು. ಅವರು ಮೀಯಲು ನೀರು ಬೇಕಿತ್ತು. ಎಷ್ಟು ಕೊಡ ಎಳೆದಳೋ ಅವಳಿಗೆ ತಿಳಿಯಲಿಲ್ಲ. ಬೆಳಿಗ್ಗೆ ಅವನ ಬಾಯಿಗೆ ಅಕ್ಕಿಕಾಳು ಹಾಕುವಾಗಲೂ ಏನೂ ಅನ್ನಿಸಿರಲಿಲ್ಲ.

ಮಿಂದವರು ಮಾದೇವನ ಅಂಗಳದ ಗೇರುಮರದ ಕೆಳಗೆ ಕೂತರು. ಅಂಕೋಲಾ ಬಸ್ ನಿಲ್ದಾಣದ ಹಿಂದಿನ ಹೋಟೆಲಿನಲ್ಲಿ ಮಾದೇವ ಇಪ್ಪತ್ತೆರಡು ವರ್ಷ ಮೀನೂಟ ಮಾಡಿದವನು; ಅಲ್ಲಿ ಅವನಿಗೆ ಮಸಾಲೆ ಅರೆದುಕೊಡುತ್ತಿದ್ದವಳು ಗಂಗೂ. ಒಬ್ಬರು ಅವನ ಬಂಗಡೆ ಸಾರು ನೆನೆದರೆ ಇನ್ನೊಬ್ಬರು ಏಡಿಯ ಸಾರು ನೆನೆದರು. ಸೌಟು ನಾಲಿಗೆಗೆ ತಾಗಿಸದೆ, ಬರೀ ಪರಿಮಳದಿಂದಲೇ ಉಪ್ಪು ಹುಳಿ ಹೇಳುತ್ತಿದ್ದನಂತೆ.

“ಇನ್ನು ಮೀನೂಟಕ್ಕೆ ಎಲ್ಲಿ ಹೋಗೂದು ಮಾರಾಯಾ?” ಎಂದ ರಿಕ್ಷಾ ಓಡಿಸುವ ಸೋಮು.

“ಮನೀಗೆ ಹೋಗು. ನಿನ್ನ ಹೆಂಡ್ತಿಗೂ ಒಲೆ ಹಚ್ಚೂಕೆ ಬರ್ತದೆ,” ಎಂದ ಪಕ್ಕದವನು. ನಗು ಬಂದವರು ಕೆಮ್ಮಿದರು.

ಹೋಟೆಲಿನ ಮಾಲಕ ಸುನಿಲ ಮೊಬೈಲು ಕಿಸೆಗೆ ಹಾಕಿಕೊಂಡು ಬಾವಿಕಟ್ಟೆಗೆ ಬಂದ. ಗುರುವಾರದಿಂದ ಕಾರವಾರದ ಅಡುಗೆಯವನು ಬರುತ್ತಾನೆ, ಮಸಾಲೆ ಅರೆಯಲು ಅವನ ಹೆಂಡತಿಯೇ ಇದ್ದಾಳೆ ಎಂದು ಮೆಲ್ಲಗೆ ಹೇಳಿದ.

“ಬೇರೆ ಕಡೆ ಎಲ್ಲಾದ್ರೂ ನೋಡೇ ತಂಗಿ. ಮಾದೇವಣ್ಣನೇ ಇಲ್ಲ ಅಂದ್ಮೇಲೆ ನೀ ಒಬ್ಳೇ ಅಲ್ಲಿ ಎಂತ ಮಾಡ್ತಿ?”

ಗಂಗೂ ತಲೆಯಾಡಿಸಿದಳು. ಏಳನೆಯ ತರಗತಿಗೆ ಶಾಲೆ ಬಿಟ್ಟವಳಿಗೆ ಆ ಅಡುಗೆಮನೆ ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ಕೆಲಸ ಉಳಿಯಲು ಒಂದು ಮಾತು ಸಾಕಿತ್ತು. ಆದರೆ ಅದನ್ನು ಆಡಿದರೆ ಗೇರುಮರದ ಕೆಳಗಿನ ಹೊಗಳಿಕೆಯೆಲ್ಲ ಸುಳ್ಳಾಗುತ್ತಿತ್ತು. ಚಿತೆ ಇನ್ನೂ ಆರಿರಲಿಲ್ಲ.

*

ಮೂರು ವರ್ಷದ ಹಿಂದೆ ಹಟ್ಟಿಕೇರಿ ತಿರುವಿನಲ್ಲಿ ಬೈಕಿನಿಂದ ಬಿದ್ದು, ತಲೆಯ ಹಿಂಬದಿಗೆ ಪೆಟ್ಟಾಗಿ ಮಾದೇವ ಹದಿನೈದು ದಿನ ಮಲಗಿದ್ದ. ಹೋಟೆಲಿಗೆ ಮರಳಿದ ದಿನ ಕೊತ್ತಂಬರಿ ಹುರಿಯುತ್ತ ಎಂದಿನಂತೆ ಮಾತಾಡುತ್ತಿದ್ದ. ಮೀನು ಹಾಕಿದ ಮೇಲೆ ಸೌಟು ಆಡಿಸಬಾರದು, ಸುಮ್ಮನೆ ಕಾಯಬೇಕು. ಹಸಿದು ಬಂದವನ ಮುಂದೆ ಮೊದಲು ಬಿಸಿ ಅನ್ನ ಇಡಬೇಕು, ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ ಎನ್ನುತ್ತಿದ್ದ. ಕೊತ್ತಂಬರಿ ಹೊತ್ತುತ್ತಿತ್ತು. ಸೌದೆಯ ಹೊಗೆಯಲ್ಲಿ ಆ ಹೊಗೆ ಬೇರೆಯಾಗಿ ಕಾಣುತ್ತಿರಲಿಲ್ಲ. ಗಂಗೂ ಒರಳಿನ ಮುಂದಿನಿಂದ ಎದ್ದು ಬಾಣಲೆ ಇಳಿಸಿದಳು.

ಅವನು ಕರಕಲಾದ ಕಾಳುಗಳನ್ನು ಮೂಗಿಗೆ ಹಿಡಿದ. ಮತ್ತೆ ಹಿಡಿದ. ಒಂದನ್ನು ಬಾಯಿಗೆ ಹಾಕಿ ಅಗಿದ.

“ವಾಸ್ನೆ, ರುಚಿ ಎಂತದೂ ಬರೂದಿಲ್ಲ ಗಂಗೂ,” ಎಂದ. “ಯಾರ ಹತ್ರಾನೂ ಹೇಳ್ಬೇಡ.”

ಅಂದಿನಿಂದ ಪ್ರತಿ ಪಾತ್ರೆ ಇಳಿಯುವ ಮೊದಲು ಅವಳು ಬಾಗಿಲ ಮರೆಗೆ ಹೋಗಿ, ಅಂಗೈಗೆ ಒಂದು ಹನಿ ಬಿಟ್ಟು ನೆಕ್ಕಿ, ಬಂದು ಉಪ್ಪು ಹುಳಿ ಹೇಳುತ್ತಿದ್ದಳು. ಉಂಡವರು ಹೊಗಳಿದಾಗ ಮಾದೇವ ಅವಳ ಕಡೆ ನೋಡುತ್ತಿರಲಿಲ್ಲ.

*

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನೆರೆಮನೆಯ ಲಲಿತಾ ಗಂಜಿ ಬೇಯಿಸಿ ತಂದು ಅಂಗಳದಲ್ಲಿಟ್ಟಳು. ಖಾಲಿ ಬಟ್ಟಲುಗಳು ಕೈಯಿಂದ ಕೈಗೆ ಹೋದವು.

ಬೆಳಗಿನಿಂದ ಗೋಡೆಗೊರಗಿ ಕೂತಿದ್ದ ಮಾದೇವನ ಹೆಂಡತಿ ಬೀರಿ ಎದ್ದಳು. ಅವಳೂ ಅತ್ತಿರಲಿಲ್ಲ. ಒಂದು ಸೌಟು ಗಂಜಿ ತೆಗೆದುಕೊಂಡು ಬಾವಿಕಟ್ಟೆಗೆ ಬಂದಳು.

“ಕೈ ಹಿಡಿ ಗಂಗೂ. ಉಪ್ಪು ನೋಡು.”

ಗಂಗೂ ಗೇರುಮರದ ಕಡೆ ನೋಡಿದಳು. “ಬೇಡ ಬೀರಕ್ಕಾ. ಎಲ್ಲಾ ಅವ್ರೆ.”

“ಇರ್ಲಿ. ಮೂರು ವರ್ಷ ಅವ ನಿನ್ನ ನಾಲ್ಗೆ ನಂಬೇ ಅಡುಗೆ ಮಾಡ್ದ. ನಂಗೆ ಹೇಳಿದ್ದ. ಊರಿಗೆ ಹೇಳೂಕೆ ಅವ್ನಿಗೆ ನಾಚ್ಕೆ. ನಂಗೆಂತ ನಾಚ್ಕೆ?”

ದನಿ ತಗ್ಗಿಸಿ ಆಡಿದ ಮಾತಲ್ಲ ಅದು. ಮರದ ಕೆಳಗಿದ್ದವರು ಬಾವಿಕಟ್ಟೆಯ ಕಡೆ ತಿರುಗಿದರು.

ಗಂಗೂ ಅಂಗೈ ಚಾಚಿದಳು. ನೆಕ್ಕಿದಳು. “ಸಾಲೂದಿಲ್ಲ,” ಎಂದಳು.

ಲಲಿತಾ ಒಳಗೆ ಹೋಗಿ ಉಪ್ಪಿನ ಭರಣಿ ತಂದು ಅವಳ ಮುಂದೆ ಹಿಡಿದಳು. ಗಂಗೂ ಹರಳುಪ್ಪು ತೆಗೆದು ಗಂಜಿಯ ಪಾತ್ರೆಯ ಬಳಿಗೆ ಹೋಗಿ ಉದುರಿಸಿ ಕದಡತೊಡಗಿದಳು. ಯಾರೂ ಬಡಿಸಿ ಎನ್ನಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಬಂದವನು ಸುನಿಲ. ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಪಾತ್ರೆಯ ಪಕ್ಕ ನಿಂತ. ಗಂಗೂ ತಲೆಯೆತ್ತದೆ ಇನ್ನೂ ಕದಡುತ್ತಿದ್ದಳು.