ಪುಸ್ತಕದಲ್ಲಿಲ್ಲದ ಬೀಗ

"ಓದೋ ಕುಂಟ, ಬೋಳಿಮಗನೇ! ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ಯಾ?"

ಮೇಸ್ತ್ರಿ ನನ್ನ ಬೆನ್ನಿಗೆ ಒದ್ದ. ಸ್ಟೂಲಿನಿಂದ ಮುಗ್ಗರಿಸಿದೆ, ಪುಸ್ತಕ ಮಾತ್ರ ಕೈಬಿಡಲಿಲ್ಲ. ಅದು ಬಿದ್ದಿದ್ದರೆ ಇನ್ನೊಂದು ಒದೆ ಗ್ಯಾರಂಟಿ.

ನಮ್ಮದು ಬೂಟಿನ ಕಾರ್ಖಾನೆ. ನಲವತ್ತು ಜನ ಬೆಳಗಿನಿಂದ ಸಂಜೆವರೆಗೆ ಅಟ್ಟೆಗೆ ಅಂಟು ಬಳಿದು ಸುತ್ತಿಗೆಯಿಂದ ಬಡಿಯುತ್ತಾರೆ. ಇಲ್ಲಿ ಬಿದ್ದ ಬೆಂಕಿಯಲ್ಲಿ ಕಾಲು ಬೆಂದ ಮೇಲೆ ನನಗೆ ಕೊಟ್ಟ ಕೆಲಸ, ಅವರಿಗೆ ಕಥೆ ಓದಿ ಹೇಳುವುದು. ಕಥೆ ಕೇಳುತ್ತಾ ಕೂತರೆ ಜನ ತಮ್ಮತಮ್ಮಲ್ಲಿ ಮಾತಾಡುವುದಿಲ್ಲವಂತೆ. ಯಜಮಾನನ ತಲೆ ಅಂದರೆ ತಲೆ! ಆದರೆ ನಮ್ಮವರು ಕೇಳಿ ಸುಮ್ಮನಿರುವ ಪೈಕಿ ಅಲ್ಲ. ರಾಜನ ಕಥೆ ಓದಿದರೆ, "ಇವನ ಬಟ್ಟೆ ಒಗೆಯೋರು ಯಾರು?" ಅನ್ನುತ್ತಾರೆ. ನಾಯಕಿ ವಿರಹದಲ್ಲಿ ಮೂರು ದಿನ ಹಾಸಿಗೆ ಹಿಡಿದರೆ ನನ್ನ ಅಕ್ಕ, "ಪುಣ್ಯಾತ್ಗಿತ್ತಿ, ಅವಳಿಗೆ ರಜೆ ಕೊಟ್ಟೋರು ಯಾರಪ್ಪಾ?" ಅನ್ನುತ್ತಾಳೆ.

ಇವತ್ತಿನದು ಯಜಮಾನನೇ ಬರೆದ ಕಾದಂಬರಿ. ಮುನ್ನುಡಿ ಬರೆದ ವಿಮರ್ಶಕನನ್ನೂ ಕರೆತಂದು ತನ್ನ ಪಕ್ಕ ಕುರ್ಚಿ ಹಾಕಿಸಿದ್ದ.

"ಇದು ದುಡಿಯುವ ವರ್ಗದ ಕಡೆ ನಿಂತು ಬರೆದ ಕೃತಿ. ನಿಮ್ಮದೇ ಬದುಕು, ಕೇಳಿ," ಅಂದ ವಿಮರ್ಶಕ, ಮೂಗಿಗೆ ಕರ್ಚೀಫು ಹಿಡಿದುಕೊಂಡು. ಅಂಟಿನ ವಾಸನೆ ಅವನ ಸಿದ್ಧಾಂತಕ್ಕೆ ಆಗಿಬರಲಿಲ್ಲವೇನೋ.

ನಾನು ಓದು ನಿಲ್ಲಿಸಿದ್ದಕ್ಕೆ ಕಾರಣವಿತ್ತು. ಮುಂದಿನ ಸಾಲು ನನ್ನ ಭಾವನ ಬಗ್ಗೆ, ಅಕ್ಕನ ಗಂಡನ ಬಗ್ಗೆ. ಎರಡು ವರ್ಷದ ಹಿಂದೆ ಇದೇ ಶೆಡ್ಡಿಗೆ ಬೆಂಕಿ ಬಿದ್ದಾಗ ಸತ್ತ ಹನ್ನೊಂದು ಜನರಲ್ಲಿ ಅವನೊಬ್ಬ. ಅಕ್ಕ ಅಲ್ಲೇ ಅಟ್ಟೆ ಬಡಿಯುತ್ತಾ ಕೂತಿದ್ದಳು. ಅವಳೆದುರು ಹೇಗೆ ಓದಲಿ?

"ಓದು ತಮ್ಮಾ," ಅಂದಳು ಅವಳೇ.

ಓದಿದೆ. 'ಕುಡಿದ ಅಮಲಿನಲ್ಲಿ ಅವನು ಎಸೆದ ಸಿಗರೇಟು ಅಂಟಿನ ಡಬ್ಬಿಗೆ ಬಿತ್ತು. ವಿಧಿ ಬಾಯಿ ತೆರೆಯಿತು.' ಅಲ್ಲಿಂದ ಹನ್ನೆರಡು ಪುಟ ಬೆಂಕಿಯ ವರ್ಣನೆ. ವಿಮರ್ಶಕ ಕಣ್ಣು ಮುಚ್ಚಿ ತಲೆದೂಗಿದ.

"ಹನ್ನೆರಡು ಪುಟ ಉರೀತು," ಅಂದಳು ಅಕ್ಕ. "ಅದರಲ್ಲಿ ಬಾಗಿಲು ಎಲ್ಲಿದೆ?"

"ಯಾವ ಬಾಗಿಲಮ್ಮಾ?" ಅಂದ ವಿಮರ್ಶಕ.

"ಹೊರಗಿಂದ ಬೀಗ ಜಡಿದಿದ್ದ ಬಾಗಿಲು ಸ್ವಾಮಿ. ಚರ್ಮ ಕದೀತೀವಿ ಅಂತ ಇವರು ಹಾಕ್ಸಿದ ಬೀಗ. ಇವತ್ತೂ ಹಾಕಿದೆ, ನೋಡ್ಕೊಳ್ಳಿ. ನನ್ನ ಗಂಡ ಜನ್ಮದಲ್ಲಿ ಸಿಗರೇಟು ಮುಟ್ಟಿದೋನಲ್ಲ. ಬರೆಯೋವಾಗ ಅವನ ಬಾಯಿಗೆ ಸಿಗರೇಟು ಇಡೋಕೆ ಕೈ ಬಂತು, ಬಾಗಿಲಿಗೆ ಬೀಗ ಹಾಕೋಕೆ ಬರ್ಲಿಲ್ವಾ?"

"ಕಾದಂಬರಿ ಅಂದ್ರೆ ವರದಿ ಅಲ್ಲಮ್ಮ. ಬೀಗ ಒಂದು ಸಣ್ಣ ವಿವರ..."

"ಸಣ್ಣದೇ ಸ್ವಾಮಿ. ಹನ್ನೊಂದು ಹೆಣ ಅದರ ಹಿಂದೆ ಬಿದ್ದಿದ್ವು."

ಯಜಮಾನ ಎದ್ದು ಬಂದು ಅವಳ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು. "ಸೂಳೆಮುಂಡೆ! ನಿನಗೆ ಸಾಹಿತ್ಯ ಬೇರೆ ಕೇಡು! ಓದೋ ಮುಂದೆ!"

ನಾನು ಪುಟ ತಿರುವಿದೆ. ಕಣ್ಣು ಅಕ್ಷರದ ಮೇಲೇ ಇತ್ತು, ಬಾಯಿ ಬೇರೆ ಓದಿತು. 'ಬಾಗಿಲಿಗೆ ಬೀಗ ಹಾಕಿತ್ತು. ಕೀಲಿ ಯಜಮಾನನ ಜೇಬಿನಲ್ಲಿತ್ತು. ಅವನು ರಸ್ತೆಯಾಚೆ ನಿಂತು, ಮೊದಲು ಮಾಲು ಈಚೆ ತೆಗೀರಿ ಅಂದ.'

ಮೇಸ್ತ್ರಿ ಬೂಟಿನ ಮರದಚ್ಚು ಎತ್ತಿ ನನ್ನ ಮುಖಕ್ಕೆ ಬಡಿದ. ಎರಡು ಹಲ್ಲು ಪುಟದ ಮೇಲೆ ಬಿದ್ದವು. ಸುತ್ತಿಗೆಗಳ ಸದ್ದು ನಿಂತಿತು.

ಮೂಲೆಯಿಂದ ಚರ್ಮ ಕತ್ತರಿಸುವ ಮುದುಕ ಓದುವ ಧಾಟಿಯಲ್ಲೇ ಹೇಳಿದ: "ಗೋದಾಮಿನ ಬಾಗಿಲು ಮೊದಲು ತೆಗೆದರು."

ಅವನ ಪಕ್ಕದ ಹೆಂಗಸು ಮುಂದುವರಿಸಿದಳು: "ನನ್ನ ಮಗಳು ಕಿಟಕಿಯ ಸರಳು ಹಿಡಿದುಕೊಂಡೇ ಇದ್ದಳು."

"ಮುಚ್ಚ್ರೋ ಬಾಯಿ! ನಾನು ಇದನ್ನೆಲ್ಲ ಬರೆದೇ ಇಲ್ಲ!" ಯಜಮಾನ ಪುಸ್ತಕ ಕಿತ್ತುಕೊಂಡು ಅಕ್ಕನ ಹಲಗೆಯ ಮೇಲೆ ಅಪ್ಪಳಿಸಿ, ಪುಟಕ್ಕೆ ಬೆರಳು ಒತ್ತಿದ. "ಎಲ್ಲಿದೆಯೇ ಬೀಗ? ತೋರಿಸೇ!"

ಅಕ್ಕನ ಸುತ್ತಿಗೆ ಆ ಬೆರಳಿನ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಅವಳು ಮತ್ತೆ ಎತ್ತಿ, ಮತ್ತೆ ಹೊಡೆದಳು.

"ಇಲ್ಲಿದೆ," ಅಂದಳು.

ಯಜಮಾನ ನೆಲಕ್ಕೆ ಬಿದ್ದು ಒರಲತೊಡಗಿದ. ವಿಮರ್ಶಕ ಕುರ್ಚಿ ಹತ್ತಿ ನಿಂತಿದ್ದ. ಮೇಸ್ತ್ರಿ ಅಕ್ಕನ ಕಡೆ ಒಂದು ಹೆಜ್ಜೆ ಇಟ್ಟ. ನಲವತ್ತೂ ಜನ ಎದ್ದು ನಿಂತರು, ಯಾರೂ ಸುತ್ತಿಗೆ ಕೆಳಗಿಟ್ಟಿರಲಿಲ್ಲ.

ಅಕ್ಕ ಪುಟದ ರಕ್ತವನ್ನು ಮುಂಗೈಯಿಂದ ಒರೆಸಿ ಪುಸ್ತಕ ನನಗೆ ಕೊಟ್ಟಳು.

"ಎಲ್ಲಿಗೆ ನಿಲ್ಲಿಸಿದ್ದೆ ತಮ್ಮಾ? ಓದು."

ಬಾಯಿ ತುಂಬಿದ್ದ ರಕ್ತ ಉಗುಳಿ ಓದತೊಡಗಿದೆ.