ಅಮ್ಮಂದಿರಿಗೆ ಪ್ರವೇಶವಿಲ್ಲ

ಶೆಂಕ್ ಮೇಡಂ ಸೆಪ್ಟೆಂಬರಿನ ಹಾಳೆಯನ್ನು ಫೈಲಿನಿಂದ ಬಿಡಿಸಿ ಮೇ ತಿಂಗಳ ಹಾಳೆಯ ಪಕ್ಕಕ್ಕಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಒಮ್ಮೆ ಇದನ್ನೂ ಒಮ್ಮೆ ಅದನ್ನೂ ನೋಡಿದರು. ಅಡುಗೆಮನೆಯ ಮೇಜಿನ ಮೇಲೆ ಅವರಿಗೆಂದು ಕೊಯ್ದಿಟ್ಟ ಹಣ್ಣಿನ ಪೈ ತಟ್ಟೆಯಲ್ಲಿ ಹಾಗೇ ಇತ್ತು.

"ರೊವೀನಾ, ನಿನ್ನ ಮಗಳು ಈ ವರ್ಷ ಏನೂ ಕಲಿತೇ ಇಲ್ವಲ್ಲಮ್ಮ," ಎಂದರು.

ರೊವೀನಾ ಮುಂದಕ್ಕೆ ಬಾಗಿದಳು. "ಯಾಕೆ ಮೇಡಂ ಹಂಗಂತೀರಿ?"

"ನೀನೇ ನೋಡು. ಇದು ಸೆಪ್ಟೆಂಬರಲ್ಲಿ ಬರೆದ ಅಕ್ಷರ. ಇದು ಮೇ ತಿಂಗಳದ್ದು. ಎಂಟು ತಿಂಗಳಾದ್ರೂ ಒಂದು ಸೊಟ್ಟ ನೆಟ್ಟಗಾಗಿಲ್ಲ, ನೆಟ್ಟಗಿದ್ದಿದ್ದು ಸೊಟ್ಟಗೂ ಆಗಿಲ್ಲ. ನಲವತ್ತು ವರ್ಷ ನಾಲ್ಕನೇ ಕ್ಲಾಸಿಗೆ ಪಾಠ ಮಾಡಿದೀನಿ ನಾನು. ಮಕ್ಕಳ ಅಕ್ಷರ ಅಂದ್ರೆ ಮಕ್ಕಳ ಚಡ್ಡಿ ಇದ್ದಂಗೆ. ಒಂದೇ ಅಳತೆ ವರ್ಷವಿಡೀ ಬರಲ್ಲ."

ರೊವೀನಾ ಎರಡೂ ಹಾಳೆಗಳನ್ನು ನೋಡಿದಳು. ಪೆನ್ಸಿಲ್ ಬದಲಾಯಿಸಿದ್ದಳು. ಅಕ್ಟೋಬರಿಗೆ ಮೊಂಡು ಪೆನ್ಸಿಲ್, ಜನವರಿಗೆ ನೀಲಿ ಪೆನ್ನು. ನವೆಂಬರಿನ ಎರಡು ಹಾಳೆಗಳ ಮೇಲೆ ತಾನೇ ಕಾಫಿ ಲೋಟ ಇಟ್ಟು ದುಂಡನೆಯ ಕಲೆ ಮಾಡಿದ್ದಳು. ಅಕ್ಷರ ಬೆಳೆಯುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಪೆನ್ಸಿಲ್ವೇನಿಯಾದ ಕಾನೂನು ಮನೆಯಲ್ಲಿ ಮಕ್ಕಳಿಗೆ ಕಲಿಸಲು ಬಿಡುತ್ತದೆ, ಆದರೆ ಸುಮ್ಮನೆ ಬಿಡುವುದಿಲ್ಲ. ಶಿಕ್ಷಕರೊಬ್ಬರು ವರ್ಷಕ್ಕೊಮ್ಮೆ ಬಂದು ಮಗು ಮಾಡಿದ ಕೆಲಸ ನೋಡಿ, ಮಗುವನ್ನು ಮಾತಾಡಿಸಿ, 'ಕಲಿತಿದೆ' ಎಂದು ಸಹಿ ಹಾಕಿಕೊಡಬೇಕು. ಜೂನ್ ಮುಗಿಯುವುದರೊಳಗೆ ಆ ಕಾಗದ ಶಾಲಾ ಇಲಾಖೆಯ ಕಚೇರಿ ಸೇರಬೇಕು. ಮಗಳು ಟಿಲ್ಲಿಯನ್ನು ಶಾಲೆ ಬಿಡಿಸಿ ಇದು ಮೊದಲ ವರ್ಷ. ಶಾಲೆಯವರ ತಪ್ಪೇನೂ ಇರಲಿಲ್ಲ, ಮಗುವಿಗೆ ಆಗಿಬರಲಿಲ್ಲ, ಅಷ್ಟೆ. ದಿನಾ ಬೆಳಿಗ್ಗೆ ಬಸ್ಸಿನ ಸದ್ದು ಕೇಳುತ್ತಲೇ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ತಿಂದದ್ದು ದಕ್ಕುತ್ತಿರಲಿಲ್ಲ. ಎರಡನೇ ಕ್ಲಾಸು ಮುಗಿಯುವ ಹೊತ್ತಿಗೆ ಕಡ್ಡಿಯಾಗಿದ್ದಳು. ಗಂಡ ಡೇಲ್ ಹಾಲಿನ ಟ್ಯಾಂಕರ್ ಓಡಿಸುವವನು, ಮಾತು ಕಡಿಮೆ. "ಒಂದು ವರ್ಷ ನೋಡೋಣ ಕಣೆ," ಎಂದಿದ್ದ. "ಸಹಿ ಬಿದ್ರೆ ಸರಿ. ಬೀಳ್ಲಿಲ್ಲ ಅಂದ್ರೆ ಆಗಸ್ಟಿಗೆ ಬಸ್ಸು ಹತ್ತಿಸೋದು. ಆಮೇಲೆ ಅಳಬಾರದು, ನೀನೂ ಅಷ್ಟೆ, ಅವಳೂ ಅಷ್ಟೆ."

ವರ್ಷ ಹೇಗೆ ಹೋಯಿತೋ ರೊವೀನಾಳಿಗೆ ಗೊತ್ತಾಗಲಿಲ್ಲ. ಸೋಪು ಕಾಯಿಸಿದರು, ಬ್ರೆಡ್ಡು ಸುಟ್ಟರು, ಮೇಪಲ್ ಮರಕ್ಕೆ ನಳಿಗೆ ಚುಚ್ಚಿ ಸಿಹಿರಸ ಇಳಿಸಿ ಪಾಕ ಮಾಡಿದರು, ಹಳ್ಳಕ್ಕೆ ಕಲ್ಲಿನ ಕಟ್ಟೆ ಕಟ್ಟಿದರು. ಟಿಲ್ಲಿ ಮೈ ಕೈ ತುಂಬಿಕೊಂಡಳು. ಹೋದ ಗುರುವಾರ ಶೆಂಕ್ ಮೇಡಂ ಫೋನು ಮಾಡಿ, "ಸೋಮವಾರ ಬರ್ತೀನಿ, ಫೈಲು ರೆಡಿ ಇರಲಿ," ಎಂದಾಗ ರೊವೀನಾ ಹೋಗಿ ಫೈಲು ತೆಗೆದು ನೋಡಿದರೆ ಒಳಗಿದ್ದದ್ದು ಹನ್ನೊಂದು ಹಾಳೆ. ಅದರಲ್ಲಿ ಮೂರು ಬರೀ ಕುದುರೆ ಚಿತ್ರ. ಅವಳು ಹೆದರಿಹೋದಳು. ಶುಕ್ರವಾರ, ಶನಿವಾರ, ಭಾನುವಾರ, ಮೂರು ದಿನವೂ ಟಿಲ್ಲಿಯನ್ನು ಮೇಜಿನ ಮುಂದೆ ಕೂರಿಸಿ ಇಡೀ ವರ್ಷ ಬರೆಸಿದಳು.

"ಅಮ್ಮ, ಇವತ್ತು ಜೂನ್ ಅಲ್ವಾ?" ಎಂದು ಮಗು ಒಂದೇ ಸಲ ಕೇಳಿತ್ತು.

"ಹೇಳಿದ ತಾರೀಕು ಹಾಕು," ಎಂದಿದ್ದಳು ರೊವೀನಾ.

ಈಗ ಶೆಂಕ್ ಮೇಡಂ ಟಿಲ್ಲಿಯ ಕಡೆ ತಿರುಗಿದರು. "ಏನು ಪುಟ್ಟಿ, ಈ ಸೆಪ್ಟೆಂಬರಿನ ಹಾಳೆ ಯಾವಾಗ ಬರೆದೆ?"

ಟಿಲ್ಲಿ ತಾಯಿಯನ್ನು ನೋಡಿದಳು. ಅವಳ ಬಲಗೈ ಮೇಜಿನ ಮೇಲಿನಿಂದ ಮೆಲ್ಲಗೆ ಇಳಿದು ಹೊಟ್ಟೆಯನ್ನು ಹಿಡಿದುಕೊಂಡಿತು.

ಆ ಕೈ ಅಲ್ಲಿಗೆ ಹೋಗಿ ಒಂದು ವರ್ಷವಾಗಿತ್ತು. ರೊವೀನಾಳಿಗೆ ತಡೆಯಲಾಗಲಿಲ್ಲ. "ಅವಳನ್ನ ಕೇಳಬೇಡಿ ಮೇಡಂ," ಎಂದಳು. "ಬರೆಸಿದ್ದು ನಾನು. ಈ ಮೂರು ದಿನದಲ್ಲಿ. ಅಷ್ಟೂ."

ಶೆಂಕ್ ಮೇಡಂಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಹಾಳೆಗಳನ್ನು ಜೋಡಿಸಿ ಫೈಲು ಮುಚ್ಚಿದರು. "ಕಾಫಿ ಕಲೆ ಚೆನ್ನಾಗಿತ್ತು," ಎಂದರು. "ಆದ್ರೆ ಇದಕ್ಕೆ ನಾನು ಸಹಿ ಹಾಕಲ್ಲ. ನಿಜವಾಗ್ಲೂ ಮಾಡಿದ್ದು ಏನಿದೆ, ಅದನ್ನ ತೋರಿಸು."

"ಅದೇ ಮೇಡಂ ಕಷ್ಟ. ಮಾಡಿದ್ದು ಯಾವುದೂ ಉಳಿದಿಲ್ಲ. ಬ್ರೆಡ್ಡು ತಿಂದ್ವಿ. ಸೋಪು ಕರಗಿ ಹೋಯ್ತು. ಕಟ್ಟೆ ಏಪ್ರಿಲ್ ಮಳೆಗೆ ಕೊಚ್ಕೊಂಡು ಹೋಯ್ತು. ಕಪ್ಪೆ ಸಾಕಿದ್ವಿ, ಬಾಲ ಉದುರಿದ ಮೇಲೆ ಹಳ್ಳಕ್ಕೆ ಬಿಟ್ವಿ."

"ಫೋಟೋ?"

"ಕೈ ತುಂಬಾ ಹಿಟ್ಟೋ ಮಣ್ಣೋ ಇರ್ತಿತ್ತು. ಇರೋ ನಾಲ್ಕು ಫೋಟೋದಲ್ಲೂ ಕಪ್ಪೆ ಇದೆ, ಹುಡುಗಿ ಇಲ್ಲ."

ಶೆಂಕ್ ಮೇಡಂ ನಿಟ್ಟುಸಿರಿಟ್ಟು ಕೈಚೀಲ ಹತ್ತಿರಕ್ಕೆಳೆದುಕೊಂಡರು. ಎದ್ದೇಬಿಡುತ್ತಾರೆ ಎನಿಸಿತು ರೊವೀನಾಳಿಗೆ. ಅಷ್ಟರಲ್ಲಿ ಮೇಜಿನ ಕೆಳಗೆ ಕೂತು ತನ್ನ ಪಾಲಿನ ಪೈ ನೆಕ್ಕುತ್ತಿದ್ದ ನಾಲ್ಕು ವರ್ಷದ ಮೇವಿಸ್ ತಲೆ ಹೊರಗೆ ಹಾಕಿ, "ಅಕ್ಕ, ಮ್ಯೂಸಿಯಂ ತೋರ್ಸೇ," ಎಂದಳು.

"ಶ್! ಹೇಳಬಾರದು ಅಂದಿರ್ಲಿಲ್ವಾ ನಿಂಗೆ!" ಟಿಲ್ಲಿ ತಂಗಿಯ ತೋಳು ಚಿವುಟಿದಳು.

"ಯಾವ ಮ್ಯೂಸಿಯಮ್ಮು?" ಎಂದರು ಶೆಂಕ್ ಮೇಡಂ.

ಮನೆ ಹಿಂದಿನ ಮರದ ಜಗುಲಿಯ ಹಲಗೆಗಳ ಕೆಳಗೆ ಮಕ್ಕಳು ಆಡಿಕೊಳ್ಳುತ್ತಾರೆಂದು ರೊವೀನಾಳಿಗೆ ಗೊತ್ತಿತ್ತು. ಬಗ್ಗಿ ನೋಡಿರಲಿಲ್ಲ. ಈಗ ಎಲ್ಲರೂ ಮೇವಿಸಳ ಹಿಂದೆ ಅಲ್ಲಿಗೆ ಹೋದರು. ಪಕ್ಕದ ಪಟ್ಟಿಗಳನ್ನು ಕಿತ್ತು ಮಾಡಿದ ಬಾಗಿಲಿಗೆ ರಟ್ಟಿನ ಬೋರ್ಡು ತೂಗುಹಾಕಿತ್ತು: 'ಟಿಲ್ಲಿಯ ಮ್ಯೂಸಿಯಂ. ಒಂದು ಗುಂಡಿ ಕೊಟ್ಟು ಒಳಗೆ ಬನ್ನಿ.' ಕೆಳಗೆ ಕೆಂಪು ಬಣ್ಣದಲ್ಲಿ, ಇನ್ನೂ ದೊಡ್ಡದಾಗಿ: 'ಅಮ್ಮಂದಿರಿಗೆ ಪ್ರವೇಶವಿಲ್ಲ.'

ಡೇಲನ ಅಂಗಿಗಳಿಗೆ ಗುಂಡಿ ಯಾಕೆ ನಿಲ್ಲುತ್ತಿಲ್ಲ ಎಂಬುದು ರೊವೀನಾಳಿಗೆ ಆಗ ಅರ್ಥವಾಯಿತು.

ಶೆಂಕ್ ಮೇಡಂ ತಮ್ಮ ಸ್ವೆಟರಿನ ಕೊನೆಯ ಗುಂಡಿ ಎಳೆದು ನೋಡಿದರು. ಅದು ಬರಲಿಲ್ಲ. ಹಲ್ಲಿನಿಂದ ದಾರ ಕಡಿದು ಗುಂಡಿಯನ್ನು ಟಿಲ್ಲಿಯ ಅಂಗೈಗಿಟ್ಟರು. "ರೊವೀನಾ, ನೀನು ಇಲ್ಲೇ ಇರಮ್ಮ. ಬೋರ್ಡು ಓದಿದೆಯಲ್ಲ," ಎಂದು, "ಅಯ್ಯಯ್ಯೋ ಮಂಡಿ" ಎನ್ನುತ್ತ, ಎಪ್ಪತ್ತರ ಆ ಹೆಂಗಸು ನಾಲ್ಕು ಕಾಲಿನ ಮೇಲೆ ಒಳಗೆ ತೂರಿಕೊಂಡರು. ಕಾಣುತ್ತಿದ್ದದ್ದು ಅವರ ಶೂಗಳ ಅಡಿ ಮಾತ್ರ. ಆಮೇಲೆ ಅದೂ ಇಲ್ಲ.

ರೊವೀನಾ ಮೆಟ್ಟಿಲ ಮೇಲೆ ಕೂತಳು. ಹಲಗೆಗಳ ಸಂದಿಯಿಂದ ಒಳಗಿನ ಮಾತು ಚೆನ್ನಾಗಿ ಕೇಳಿಸುತ್ತಿತ್ತು.

"ಇದೇನು ಪುಟ್ಟಿ, ಮೂಳೆ?"

"ಜಿಂಕೆ ದವಡೆ. ಚೀಟಿ ಓದಿ."

"ನೀನು ಓದು. ನಂಗೆ ಇಲ್ಲಿ ಕತ್ತಲೆ."

ಟಿಲ್ಲಿ ಓದಿದಳು. ಗಟ್ಟಿಯಾಗಿ, ತಡವರಿಸದೆ ಓದಿದಳು. ಶಾಲೆಯಲ್ಲಿ ಎದ್ದು ನಿಂತು ಒಂದು ಸಾಲು ಓದಲು ಬಾಯೊಣಗುತ್ತಿದ್ದ ಹುಡುಗಿ. "'ಜಿಂಕೆಯ ದವಡೆ. ಮಾರ್ಚ್ ಹದಿನಾಲ್ಕು. ಹಳ್ಳದ ಆಚೆ ದಡ. ಒಂದು ಕಡೆ ಆರು ಹಲ್ಲು. ಹಿಂದಿನವು ಸವೆದಿವೆ, ಅಂದರೆ ಇದು ಮುದಿ ಜಿಂಕೆ. ಅಪ್ಪ ಮುಟ್ಟಬೇಡ ಅಂದರು. ಮುಟ್ಟಿದೆ.'"

"ಎಲ್ಲಕ್ಕಿಂತ ಮೊದಲು ಬರೆದ ಚೀಟಿ ಯಾವುದು?"

"ಅದು. ಮೊಟ್ಟೆ ಡಬ್ಬದ ಮುಚ್ಚಳದ್ದು."

ಶೆಂಕ್ ಮೇಡಂ ತಮಗೆ ತಾವೇ ಎಂಬಂತೆ ಓದಿಕೊಂಡರು. "'ಕಲ್ಲು. ಹಳ್ಳ.' ಅಷ್ಟೇನಾ? ಅಕ್ಷರ ನೋಡು, ಏಡಿ ನಡೆದಂಗಿದೆ. ಸೆಪ್ಟೆಂಬರ್. ಹ್ಞೂಂ. ಇದು ನಿಜವಾದ ಸೆಪ್ಟೆಂಬರ್." ರಟ್ಟು, ಕಾಗದ ಸರಿದಾಡುವ ಸದ್ದು. "ಅಕ್ಟೋಬರಲ್ಲಿ ಮೂರು ಪದ. ಡಿಸೆಂಬರಿಗೆ ಒಂದು ಸಾಲು... ಇದೇನು ಇಟ್ಟಿಗೆ?"

"ನಮ್ಮ ಮೊದಲನೇ ಬ್ರೆಡ್ಡು."

ಶೆಂಕ್ ಮೇಡಂ ಜೋರಾಗಿ ನಕ್ಕರು. "ಈ ಕಪ್ಪೆ ಚೀಟಿ ಓದು. ಉದ್ದ ಇದೆ."

"'ಕಪ್ಪೆಮೊಟ್ಟೆ. ಇನ್ನೂರ ಹನ್ನೆರಡು ಇದ್ದವು, ಎರಡು ಸಲ ಎಣಿಸಿದೆ. ನೂರ ತೊಂಬತ್ತು ಮರಿಯಾದವು. ಬಾಲ ಬಿದ್ದು ಕಪ್ಪೆಯಾದದ್ದು ಮೂವತ್ತೆಂಟು. ಅಂದರೆ ಐದರಲ್ಲಿ ಒಂದು. ಉಳಿದವನ್ನು ಅವುಗಳ ಅಣ್ಣತಮ್ಮಂದಿರೇ ತಿಂದರು. ಮೇವಿಸ್ ಅತ್ತಳು. ನಾನು ಅಳಲಿಲ್ಲ, ಆದರೆ ಆ ದಿನ ಊಟ ಬೇಡ ಅನ್ನಿಸಿತು.'"

"ಐದರಲ್ಲಿ ಒಂದು ಅಂತ ಯಾರು ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ. ಬೀನ್ಸ್ ಕಾಳು ಗುಂಪು ಮಾಡಿ ನೋಡಿದೆ. ಇನ್ನೂರ ಹನ್ನೆರಡಕ್ಕೆ ಸರಿ ಬರಲ್ಲ. ನೂರ ತೊಂಬತ್ತಕ್ಕೆ ಬರುತ್ತೆ."

"ಸರಿ. ಇದೊಂದು ಹೇಳು. ಅಮ್ಮನ್ನ ಯಾಕೆ ಒಳಗೆ ಬಿಡಲ್ಲ? ಇದನ್ನೆಲ್ಲ ತಂದುಕೊಂಡಿದ್ದು ಅವಳ ಜೊತೆ ಹೋದಾಗ ತಾನೆ?"

ಮೆಟ್ಟಿಲ ಮೇಲೆ ರೊವೀನಾ ಬಗ್ಗಿ ಕಿವಿಗೊಟ್ಟಳು.

"ಅಮ್ಮ ಒಳ್ಳೇವ್ಳೇ," ಎಂದಳು ಟಿಲ್ಲಿ. "ಆದ್ರೆ ಅವಳು ಬಂದ್ರೆ ಪಾಠ ಆಗೋಗುತ್ತೆ. ಇದು ಯಾವ ಹಕ್ಕಿ ಗೂಡು, ಎಷ್ಟು ಕಡ್ಡಿ, ಅಳತೆ ಮಾಡು, ಬರ್ಕೋ ಅಂತಾಳೆ. ಆಮೇಲೆ ಅದು ನಂದಾಗಿರಲ್ಲ."

ಶೆಂಕ್ ಮೇಡಂ ಹಿಮ್ಮುಖವಾಗಿ ತೆವಳುತ್ತ ಹೊರಬಂದಾಗ ಅವರ ಬೆಳ್ಳಿ ಕೂದಲ ತುಂಬ ಜೇಡರಬಲೆ. ಸ್ಕರ್ಟಿಗೆ ಮಣ್ಣು. ರೊವೀನಾ ಕೈಕೊಟ್ಟು ಎಬ್ಬಿಸಿದಳು. ಅವರು ಮೆಟ್ಟಿಲ ಮೇಲೆ ಕೂತು, ಚೀಲದಿಂದ ಕಾಗದ ತೆಗೆದು, ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದರು. ಮೂರು ಸಾಲು ಬರೆದರು. ನಾಲ್ಕನೆಯದಾಗಿ ಸಹಿ. ಆ ಸಹಿಯ ಕೊನೆಯ ಬಾಲ ಎಳೆಯುವವರೆಗೂ ರೊವೀನಾ ರೆಪ್ಪೆ ಮಿಟುಕಿಸಲಿಲ್ಲ.

"ತಗೋ. ಇನ್ನೊಂದು ಸಲ ಮಗು ಕೈಲಿ ಸುಳ್ಳು ತಾರೀಕು ಬರೆಸಿದೆ ಅಂದ್ರೆ ನನ್ನ ಕರೀಬೇಡ."

"ಇಲ್ಲ ಮೇಡಂ. ಆಣೆಗೂ ಇಲ್ಲ."

"ಆಣೆ ಬೇಡ. ಆ ಪೈ ಕಟ್ಟಿಕೊಡು, ಕಾರಲ್ಲಿ ತಿಂತೀನಿ. ಎದುರಿಗೆ ಕೂತಿದ್ದಾಗ ಗಂಟಲಲ್ಲಿ ಇಳೀತಿರ್ಲಿಲ್ಲ, ನಿನ್ನ ಮುಖ ನೋಡಿ."

ಕಾರು ತಿರುವಿನಲ್ಲಿ ಮರೆಯಾಯಿತು. ರೊವೀನಾ ಬಾವಿ ಪಂಪಿನ ಕಟ್ಟೆ ಹಿಡಿದುಕೊಂಡು ನಿಂತಳು. ಅಳುವೋ ನಗುವೋ ತಿಳಿಯದ ಒಂದು ಸದ್ದು ಬಾಯಿಂದ ಬಂತು. ಡೇಲನಿಗೆ ಫೋನು ಮಾಡಿದಳು.

"ಹಾಕಿದ್ರು," ಎಂದಳು.

ಫೋನಿನೊಳಗೆ ಟ್ಯಾಂಕರಿನ ಹಾರ್ನ್ ಉದ್ದಕ್ಕೆ, ಎರಡು ಸಲ ಕೂಗಿತು. "ದಾರೀಲಿ ಹಸುಗಳು ಹೆದರಿದ್ವು," ಎಂದು ನಕ್ಕು ಇಟ್ಟುಬಿಟ್ಟ.

ರೊವೀನಾ ಜಗುಲಿಯ ಹತ್ತಿರ ಬಂದಳು. ಟಿಲ್ಲಿ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಹೊಸ ಗುಂಡಿಯನ್ನು ಬಾಟಲಿಗೆ ಹಾಕುತ್ತಿದ್ದಳು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆಂದು ಅವಳಿಗೆ ಗೊತ್ತಿತ್ತು. ಕತ್ತೆತ್ತದೆ ಯೋಚಿಸಿದಳು.

"ಬೇಕಿದ್ರೆ ಬಾ," ಎಂದಳು ಕೊನೆಗೆ. "ಇವತ್ತೊಂದಿನ."

"ನನ್ನ ಅಂಗೀಲಿ ಗುಂಡಿ ಇಲ್ಲ ಕಣೆ."

"ಗುಂಡಿ ಬೇಡ. ಏನೂ ಕೇಳಬಾರದು, ಅಷ್ಟೆ."

ರೊವೀನಾ ಬಗ್ಗಿ ಒಳಗೆ ತೆವಳಿದಳು. ತಣ್ಣನೆಯ ಮಣ್ಣು, ಒಣಗಿದ ಎಲೆಯ ವಾಸನೆ. ಹಣ್ಣಿನ ಪೆಟ್ಟಿಗೆಗಳನ್ನು ಮಗುಚಿ ಮಾಡಿದ ಕಪಾಟಿನ ಮೇಲೆ ಇಡೀ ವರ್ಷವೇ ಸಾಲಾಗಿ ಕೂತಿತ್ತು. ಹಾವಿನ ಪೊರೆ ಕಂಡಿತು. ಹೆಪ್ಪುಗಟ್ಟದ ಸೋಪು ಜಾಡಿಯಲ್ಲಿತ್ತು. ಒಂದು ಗೂಡಿನ ಒಳಕ್ಕೆ ಯಾವುದೋ ಹಕ್ಕಿ ಮೇವಿಸಳ ಹಳದಿ ಕೂದಲನ್ನೇ ಹೆಣೆದಿತ್ತು. ಅದನ್ನು ಕಂಡು ರೊವೀನಾಳ ಬಾಯಿ ತೆರೆಯಿತು. ಟಿಲ್ಲಿ ಓರೆಗಣ್ಣಲ್ಲಿ ನೋಡಿದಳು. ರೊವೀನಾ ತುಟಿ ಕಚ್ಚಿಕೊಂಡು, ಮಂಡಿ ಮಡಚಿ, ನೆಲದ ಮೇಲೆ ಕೂತಳು.

ಮೇವಿಸ್ ತೆವಳಿ ಬಂದು ಅವಳ ತೊಡೆ ಏರಿದಳು. ಟಿಲ್ಲಿ ಸ್ವಲ್ಪ ಹೊತ್ತು ಕಾದಳು, ಅಮ್ಮನಿಂದ ಒಂದು ಪ್ರಶ್ನೆಯೂ ಬರಲಿಲ್ಲ. ಆಮೇಲೆ ಗೂಡನ್ನು ಎರಡೂ ಕೈಯಲ್ಲಿ ಎತ್ತಿ, ಹಲಗೆಯ ಸಂದಿಯಿಂದ ಇಳಿಯುತ್ತಿದ್ದ ಬಿಸಿಲಿನ ಗೆರೆಗೆ ಸರಿಯಾಗಿ ಹಿಡಿದಳು, ಅಮ್ಮನಿಗೆ ಚೆನ್ನಾಗಿ ಕಾಣಲೆಂದು.