ಎಂಟು ಸೀಟು, ಹತ್ತು ಜೊತೆ ಚಪ್ಪಲಿ

ಯಗಟಿ ಪಕ್ಕದ ನಮ್ಮೂರಿಗೆ ಕಣ್ಣಿನ ಕ್ಯಾಂಪು ಬಂತು ಅಂದ್ರೆ ಬೆಳಿಗ್ಗೆ ಆರಕ್ಕೇ ಸ್ಕೂಲಿನ ಬಾಗಿಲಲ್ಲಿ ಚಪ್ಪಲಿ ಸಾಲಿಟ್ಟು ಮರದ ಕೆಳಗೆ ಕೂತ್ಬಿಡ್ತೀವಿ. ಚಪ್ಪಲಿ ಎಲ್ಲಿದ್ಯೋ ಅದೇ ನಿಮ್ಮ ನಂಬರು. ಅವತ್ತು ಪೊರೆ ತೆಗೆಸ್ಬೇಕಾದೋರು ಹತ್ತು ಜನ, ಶಿವಮೊಗ್ಗಕ್ಕೆ ಹೋಗೋ ವ್ಯಾನಲ್ಲಿ ಎಂಟೇ ಸೀಟು. ನನ್ನದು ಎಂಟನೇ ಜೊತೆ. ಮುಂದಿನ ವ್ಯಾನು ನಾಲ್ಕು ತಿಂಗಳಿಗೆ. ಅಲ್ಲೀವರ್ಗೂ ಕಾಯೋದು ನನ್ನ ಕೈಲಾಗಲ್ಲ ಕಣ್ರೀ. ರಾಗೀಲಿರೋ ಕಲ್ಲು ಕಾಣ್ಸಲ್ಲ, ಮೊನ್ನೆ ಮುದ್ದೆ ಉಣ್ತಿದ್ದ ಅಳಿಯ ದವಡೆ ಹಿಡ್ಕೊಂಡು ಎದ್ದೋದ. ಆಪರೇಷನ್ನು ಯಾವತ್ತು ಹೋದ್ರೂ ಪುಕ್ಕಟೆ ಮಾಡ್ತಾರಂತೆ. ಆದ್ರೆ ಕಣ್ಣಿಗೆ ಪಟ್ಟಿ ಕಟ್ಕೊಂಡು ಎರಡು ಬಸ್ಸು ಹತ್ತಿಳಿಯೋ ಧೈರ್ಯ ಯಾರಿಗಿದೆ?

ಡಾಕ್ಟ್ರು ವಿದ್ಯಾಶ್ರೀ ಹೊಸಬರು. ಯಾರ ಪೊರೆ ಹೆಚ್ಚು ಬಲಿತಿದೆಯೋ ಅವರು ಮೊದಲು ಅಂತ ಒಂದು ಪಟ್ಟಿ ಓದಿದ್ರು. ಹಂಗಾದ್ರೆ ಕತ್ತಲಲ್ಲೆದ್ದು ಬಂದೋರೆಲ್ಲ ಮುಠ್ಠಾಳರಾ ಅಂತ ನಾನೇ ಮೊದಲು ಜೋರು ಮಾಡ್ದೆ. ಆಯಮ್ಮ ಸಿಟ್ಟಾಗ್ಲಿಲ್ಲ. ಸರಿ, ನೀವೇ ತೀರ್ಮಾನ ಮಾಡಿ ಅಂದ್ರು. ಇನ್ನೊಬ್ಬರ ಚಪ್ಪಲಿ ಹಿಂದೆ ಮುಂದೆ ಇಡಬಹುದು, ನಿಮ್ಮದನ್ನ ನೀವು ಮುಟ್ಟಂಗಿಲ್ಲ ಅಂತ ಷರತ್ತು ಹಾಕಿದ್ರು.

ಇನ್ನೊಬ್ಬರ ಚಪ್ಪಲಿ ಮುಟ್ಟೋದಾ? ಯಾರೂ ಏಳ್ಲಿಲ್ಲ.

ಕೊನೇ ಜೊತೆ ಹಾಲಮ್ಮಂದು. ಗಂಡನಿಗೆ ಲಕ್ವ ಹೊಡೆದು ಎರಡು ವರ್ಷ. ಅವನಿಗೆ ಉಣ್ಸಿ ಬರೋಷ್ಟ್ರಲ್ಲಿ ತಡ. ಒಂದು ಕಣ್ಣು ಪರವಾಗಿಲ್ಲ ಅಂತ ಡಾಕ್ಟ್ರ ಪಟ್ಟೀಲೂ ಅವಳೇ ಕೊನೆ. ಅವಳ ಇನ್ನೊಂದು ಕಷ್ಟ ಗೊತ್ತಿದ್ದಿದ್ದು ನನಗೊಬ್ಬಳಿಗೇ. ನಲ್ಲಿ ಹತ್ರ ಅತ್ಕೊಂಡು ಹೇಳಿದ್ಲು. ಅವಳನ್ನ ಮುಂದೆ ತಂದ್ರೆ ನಾನು ಆಚೆ ಬೀಳ್ತೀನಿ. ತೆಪ್ಪಗಿರು ಈರಕ್ಕ ಅಂತ ನನಗೆ ನಾನೇ ಹೇಳ್ಕೊಂಡೆ. ಆದ್ರೂ ತಡ್ಕೊಳ್ಳಕ್ಕಾಗ್ಲಿಲ್ಲ. ಜೊತೆಗೊಂದು ಉಪಾಯಾನೂ ಹೊಳೀತು.

ಎದ್ದು ಹಾಲಮ್ಮನ ಚಪ್ಪಲಿ ಕೈಯಲ್ಲೇ ಎತ್ತಿ ಎಲ್ಲಕ್ಕಿಂತ ಮುಂದಿಟ್ಟೆ. ಎರಡನೇ ನಂಬರಿನ ರೇವಣಪ್ಪನ ಚಪ್ಪಲಿ ಎತ್ತಿ ಕಟ್ಟಕಡೇಗಿಟ್ಟೆ. ಅವನ ಮಗ ಹಾಲೇಶನ ಕಾರು ಗೇಟಲ್ಲೇ ನಿಂತಿತ್ತಲ್ಲ, ಅದರಲ್ಲೇ ಹೋಗ್ಲಿ! ನನ್ನ ಎಂಟನೇ ನಂಬರು ಅಲ್ಲೇ ಉಳೀತು.

ಹಾಲಮ್ಮ ಯಾಕೆ ಮೊದಲು ಅಂತ ಡಾಕ್ಟ್ರು ಕೇಳಿದ್ರು.

"ಗಂಡನ ಮಾತ್ರೆ ಇವಳೇ ಕೊಡ್ಬೇಕು ಡಾಕ್ಟ್ರೇ. ಕಣ್ಣು ಸರಿಯಾಗಿ ಕಾಣ್ದೆ ಎರಡು ಸಲ ಯಾವುದೋ ಮಾತ್ರೆ ಕೊಟ್ಬಿಟ್ಟವಳೆ. ನೀವು ಇವಳ ಕಣ್ಣು ಮಾತ್ರ ನೋಡಿದ್ರಿ, ಮನೇಲಿ ಮಲಗಿರೋನ್ನ ನೋಡ್ಲಿಲ್ಲ."

ಹಾಲಮ್ಮ ತಲೆ ತಗ್ಗಿಸಿದ್ಲು. ಡಾಕ್ಟ್ರು ಪೆನ್ನು ತೆಗೆದ್ರು. ಇದು ನನಗೆ ಗೊತ್ತಿರ್ಲಿಲ್ಲ ಅಂತ ಪಟ್ಟಿ ತಲೇಲಿ ಅವಳ ಹೆಸರು ಬರ್ಕೊಂಡ್ರು. ಒಬ್ಬರೂ ತಕರಾರು ಎತ್ಲಿಲ್ಲ.

ರೇವಣಪ್ಪ ಬಿಟ್ಟಾನಾ? ಬುಸುಗುಟ್ಕೊಂಡು ಬಂದು ನನ್ನ ಚಪ್ಪಲೀನ ಕಾಲಲ್ಲೇ ತಳ್ಕೊಂಡು ಹೋಗಿ ತನ್ನದಕ್ಕಿಂತ ಹಿಂದೆ ನಿಲ್ಲಿಸಿದ. ಒಂಬತ್ತನೆಯವನಾಗಿದ್ದ ಕುರಿ ಚಿಕ್ಕಬೀರಪ್ಪ ನನ್ನ ಸೀಟಿಗೆ ಬಂದ. ಜನವೆಲ್ಲ ನಕ್ಕಿದ್ದೇ ನಕ್ಕಿದ್ದು. ನನಗೆ ಮಾತ್ರ ಅಳು ಬಂದ್ಬಿಡ್ತು, ಸೆರಗು ಅಡ್ಡ ಹಿಡ್ದೆ.

ಹಾಲಮ್ಮ ಬಂದು ನನ್ನ ಕೈ ಹಿಡ್ಕೊಂಡ್ಲು, ಬಿಡ್ಲೇ ಇಲ್ಲ. ರೇವಣಪ್ಪ ಅದನ್ನ ನೋಡ್ದ, ಗೇಟಲ್ಲಿದ್ದ ಕಾರು ನೋಡ್ದ, ಕೆಮ್ಮಿದ.

"ಈರಕ್ಕ, ಸೋಮವಾರ ನನ್ನ ಜೊತೆ ಶಿವಮೊಗ್ಗಕ್ಕೆ ಕಾರಲ್ಲೇ ಬಾ. ಆದ್ರೆ ತರೀಕೆರೆ ದಾಟೋವರ್ಗೂ ಬಾಯಿ ಬಿಡಂಗಿಲ್ಲ."

ಚೌಕಾಶಿ ಮಾಡಿ, ಅದಕ್ಕಿಂತ ಮುಂಚೆ ಸಿಗೋ ಬೀರೂರಿಗೆ ಇಳಿಸ್ದೆ.